ಡಿಜೆ ಕ್ರಷ್ ಅವರ ‘ಜಾಕು’: ಶಕುಹಾಚಿ ಬೀಟಿನಲ್ಲಿ ಬೆರೆತಿದೆಯೋ, ಮೇಲೆ ಅಂಟಿಕೊಂಡಿದೆಯೋ?

ಸೂಜಿಮುಳ್ಳು

ಟೋಕಿಯೊದ ಡಿಜೆ ಕ್ರಷ್ 2004ರಲ್ಲಿ ಹೊರತಂದ ‘ಜಾಕು’ ಆಲ್ಬಮನ್ನು ಮೂರು ವಾರಗಳಿಂದ ದಿನಕ್ಕೊಂದು ಸಲವಾದರೂ ಕೇಳುತ್ತಿದ್ದೇನೆ. ಇನ್ನೂ ಒಂದು ತೀರ್ಮಾನಕ್ಕೆ ಬರಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಬಹುಪಾಲು ಮಾತಿಲ್ಲದ ಹಿಪ್ ಹಾಪ್ ಇದು. ಭಾರವಾದ, ನಿಧಾನದ ಬೀಟುಗಳ ನಡುವೆ ಒಂದೆಡೆ ಶಕುಹಾಚಿ ಎಂಬ ಬಿದಿರಿನ ಕೊಳಲು, ಇನ್ನೊಂದೆಡೆ ಶಾಮಿಸೆನ್ ಎಂಬ ತಂತಿವಾದ್ಯ, ಮತ್ತೆ ಬೇರೆಡೆ ಜಾಝ್ ಪಿಯಾನೊ ಮತ್ತು ಸ್ಯಾಕ್ಸೊಫೋನ್ ಬರುತ್ತವೆ. ಎರಡೇ ಎರಡು ಟ್ರ್ಯಾಕುಗಳಲ್ಲಿ ಅಮೆರಿಕದ ರ‍್ಯಾಪರುಗಳಾದ ಮಿಸ್ಟರ್ ಲಿಫ್ ಮತ್ತು ಈಸಪ್ ರಾಕ್ ಹಾಡಿದ್ದಾರೆ.

ನನ್ನ ತೊಡಕು ಇಷ್ಟೇ. ‘ಫ್ಯೂಷನ್’ ಎಂದರೆ ಸಾಕು, ಆರತಕ್ಷತೆಯ ವೇದಿಕೆಯಲ್ಲಿ ಡ್ರಮ್ ಪ್ಯಾಡಿನ ಮೇಲೆ ಯಾರೋ ಕೊಳಲಿನಲ್ಲಿ ಸಿನಿಮಾ ಹಾಡು ನುಡಿಸುವ ದೃಶ್ಯ ಕಣ್ಣ ಮುಂದೆ ಬಂದು ನನಗೆ ಮೊದಲೇ ಬೇಸರವಾಗಿಬಿಡುತ್ತದೆ. ಮೊದಲ ಟ್ರ್ಯಾಕಾದ ‘ಸ್ಟಿಲ್ ಐಲೆಂಡ್’ನಲ್ಲಿ ಶಕುಹಾಚಿ ಕೇಳಿದಾಗಲೂ ಹಾಗೆಯೇ ಆಯಿತು. ಆದರೆ ಐದಾರು ಸಲ ಕೇಳಿದ ಮೇಲೆ ಬೇಸರ ಎಲ್ಲಿಗೆ ಹೋಯಿತೆಂದು ತಿಳಿಯಲಿಲ್ಲ. ನನ್ನ ಕಿವಿ ಪಳಗಿತೋ, ಅಥವಾ ಅದು ನಿಜವಾಗಿಯೇ ಬೇರೆ ಜಾತಿಯ ಬೆರಕೆಯೋ? ನಾನು ಇಟ್ಟುಕೊಂಡಿರುವ ಒರೆಗಲ್ಲು ಒಂದೇ: ಆ ಕೊಳಲನ್ನು ತೆಗೆದುಬಿಟ್ಟರೆ ಉಳಿದದ್ದು ನಿಲ್ಲುತ್ತದೆಯೇ, ಕುಸಿಯುತ್ತದೆಯೇ? ನಿಂತರೆ ಅದು ಅಲಂಕಾರ, ಕುಸಿದರೆ ಅದು ಸಂಗೀತ. ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ.

ರಾತ್ರಿಪಾಳಿ

ಮೇಡಂ, ನನ್ನ ಮಟ್ಟಿಗೆ ಅದು ಅಲಂಕಾರವೇ. ಆಲ್ಬಮಿನ ಟ್ರ್ಯಾಕುಗಳ ಹೆಸರುಗಳನ್ನೇ ನೋಡಿ: ನಿಶ್ಚಲ ದ್ವೀಪ, ಬಿರುಗಾಳಿಯ ಮೋಡ, ಮೋಡದ ಸೀಳು, ಉಕ್ಕುವ ಅಲೆಗಳ ಆಚೆ. ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರಿನ ಚಿತ್ರಗಳಿಗೆ ಕೊಟ್ಟ ಅಡಿಬರಹಗಳಂತಿವೆ. ಅದೇ ಡಿಜೆ ಕ್ರಷ್ 1994ರಲ್ಲಿ ಲಂಡನ್ನಿನ ಮೋ ವ್ಯಾಕ್ಸ್ ಸಂಸ್ಥೆಯ ಮೂಲಕ ಹೊರತಂದ ‘ಸ್ಟ್ರಿಕ್ಟ್ಲಿ ಟರ್ನ್‌ಟೇಬ್ಲೈಸ್ಡ್’ ಕೇಳಿದವರಿಗೆ, ಈ ಮನುಷ್ಯನಿಗೆ ಯಾವ ಕೊಳಲಿನ ನೆರವೂ ಬೇಕಿರಲಿಲ್ಲ ಎಂಬುದು ಗೊತ್ತಾಗುತ್ತದೆ. 1996ರಲ್ಲಿ ತೋಶಿನೊರಿ ಕೊಂಡೊ ಅವರ ಟ್ರಂಪೆಟ್ಟಿನೊಂದಿಗೆ ಮಾಡಿದ ‘ಕಿ-ಓಕು’ ಇನ್ನೂ ಮೇಲಿನದು. ಅಲ್ಲಿ ಒಬ್ಬನೇ ವಾದಕ, ಇಡೀ ಆಲ್ಬಮಿನ ಉದ್ದಕ್ಕೂ ಇಬ್ಬರ ನಡುವೆ ಮಾತುಕತೆ ನಡೆಯುತ್ತದೆ. ‘ಜಾಕು’ವಿನಲ್ಲಿ ಅತಿಥಿಗಳು ಒಬ್ಬೊಬ್ಬರಾಗಿ ಬಂದು, ಕಾಫಿ ಕುಡಿದು, ಎದ್ದು ಹೋಗುತ್ತಾರೆ.

ಹೊರದೇಶದವರು ಜಪಾನಿನಿಂದ ‘ಜಪಾನಿತನ’ವನ್ನು ಕೇಳುತ್ತಾರೆ, ಕಲಾವಿದ ಬಿದಿರಿನ ಒಂದು ಚೂರನ್ನು ಎತ್ತಿ ತೋರಿಸುತ್ತಾನೆ. ನಮ್ಮಲ್ಲೂ ಇದು ನಡೆಯುತ್ತದೆ. ಯಾವ ಬೀಟಿನ ಮೇಲಾದರೂ ಸಿತಾರಿನ ಎರಡು ಮೀಟು ಸೇರಿಸಿದರೆ ಅದು ‘ಭಾರತೀಯ’ವಾಗುತ್ತದೆ.

ಧಾರವಾಡದ ಬಾನ್ಸುರಿ

ಒಂಬತ್ತು ವರ್ಷಗಳಿಂದ ಬಾನ್ಸುರಿ ಕಲಿಯುತ್ತಿರುವ ನಾನು, ಆ ‘ಬಿದಿರಿನ ಚೂರಿ’ನ ಬಗ್ಗೆ ಸ್ವಲ್ಪ ಹೇಳಲೇಬೇಕು. ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಆ ವಾದ್ಯದ ರಚನೆಯಲ್ಲಿಯೇ ಇದೆ.

ಶಕುಹಾಚಿ ಎಂಬ ಹೆಸರು ಅದರ ಅಳತೆಯಿಂದಲೇ ಬಂದಿದೆ. ಒಂದು ಶಕು ಮತ್ತು ಎಂಟು ಸುನ್, ಅಂದರೆ ಸುಮಾರು 54.5 ಸೆಂಟಿಮೀಟರ್. ಮುಂದೆ ನಾಲ್ಕು, ಹಿಂದೆ ಹೆಬ್ಬೆರಳಿಗೆ ಒಂದು, ಒಟ್ಟು ಐದೇ ರಂಧ್ರಗಳು. ನಮ್ಮ ಕೊಳಲಿನಂತೆ ಅಡ್ಡ ಹಿಡಿಯುವುದಿಲ್ಲ, ನೇರವಾಗಿ ಹಿಡಿದು ಮೇಲ್ತುದಿಯ ಓರೆಯಾಗಿ ಕೊಯ್ದ ಅಂಚಿಗೆ ಉಸಿರು ತಾಗಿಸಬೇಕು. ಐದು ರಂಧ್ರಗಳಿಂದ ನೇರವಾಗಿ ಸಿಗುವುದು ಐದು ಸ್ವರಗಳು ಮಾತ್ರ. ಉಳಿದದ್ದನ್ನೆಲ್ಲ ರಂಧ್ರವನ್ನು ಅರೆಬರೆ ಮುಚ್ಚಿ, ಗಲ್ಲವನ್ನು ತಗ್ಗಿಸಿ ಅಥವಾ ಎತ್ತಿ ಹುಟ್ಟಿಸಬೇಕು. ಗಲ್ಲ ತಗ್ಗಿಸಿದಾಗ ಸ್ವರ ಇಳಿಯುತ್ತದೆ, ಜೊತೆಗೆ ದನಿಯೂ ಸಣ್ಣದಾಗಿ, ಮಬ್ಬಾಗಿ, ಯಾರೋ ಬಾಗಿಲ ಹಿಂದೆ ನಿಂತು ಮಾತನಾಡಿದಂತಾಗುತ್ತದೆ. ಅಂದರೆ ಒಂದೊಂದು ಸ್ವರಕ್ಕೂ ಒಂದೊಂದು ಬಣ್ಣ. ಬಾನ್ಸುರಿಯಲ್ಲಿ ನಾವು ಎಲ್ಲ ಸ್ವರಗಳೂ ಒಂದೇ ಹದದಲ್ಲಿ ತುಂಬಿ ಬರಲೆಂದು ವರ್ಷಗಟ್ಟಲೆ ದೀರ್ಘ ಷಡ್ಜ ಹಿಡಿದು ಸಾಧನೆ ಮಾಡುತ್ತೇವೆ. ಶಕುಹಾಚಿಯವರು ಸ್ವರಗಳ ಈ ಅಸಮತೆಯನ್ನೇ ಪ್ರೀತಿಯಿಂದ ಸಾಕಿಕೊಂಡಿದ್ದಾರೆ. ‘ತಲೆ ಅಲ್ಲಾಡಿಸಲು ಮೂರು ವರ್ಷ’ ಎಂಬ ಗಾದೆಯೇ ಅವರಲ್ಲಿದೆ. ನಮ್ಮ ಆಂದೋಲನವನ್ನು ಅವರು ಕುತ್ತಿಗೆಯಿಂದ ತೆಗೆಯುತ್ತಾರೆ.

ಇನ್ನು ‘ಮುರಾಇಕಿ’ ಎಂಬ ಕ್ರಮದಲ್ಲಿ ಉಸಿರನ್ನು ಒಮ್ಮೆಲೇ ರಭಸದಿಂದ ಊದಿದಾಗ ಸ್ವರಕ್ಕಿಂತ ಗಾಳಿಯ ಸದ್ದೇ ಹೆಚ್ಚಾಗಿ ಕೇಳುತ್ತದೆ. ನನ್ನ ಗುರುಗಳ ಮುಂದೆ ನಾನು ಹಾಗೆ ಊದಿದ್ದರೆ ಕೊಳಲನ್ನು ಕಿತ್ತುಕೊಳ್ಳುತ್ತಿದ್ದರು. ಆದರೆ ಈ ಗಾಳಿಯ ಸದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಹಳೆಯ ರೆಕಾರ್ಡಿನ ಮೇಲೆ ಮುಳ್ಳು ಓಡುವಾಗ ಬರುವ ಸರಸರ ಸದ್ದನ್ನೂ, ಡಿಜೆ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಎಳೆದು ಸ್ಕ್ರ್ಯಾಚ್ ಮಾಡುವಾಗ ಬರುವ ಉಜ್ಜಿನ ಸದ್ದನ್ನೂ ನೆನೆಯಿರಿ. ಮೂರೂ ಒಂದೇ ಮನೆತನದವು. ‘ಸ್ಟಿಲ್ ಐಲೆಂಡ್’ನಲ್ಲಿ ಶೂಜಾನ್ ಮೊರಿತಾ ಅವರ ಶಕುಹಾಚಿ ಬೀಟಿನೊಂದಿಗೆ ಹೊಂದಿಕೊಳ್ಳುವುದು ರಾಗದಿಂದಲೂ ಅಲ್ಲ, ತಾಳದಿಂದಲೂ ಅಲ್ಲ, ಈ ಒರಟುತನದಿಂದ. ಅದೇ ಜಾಗದಲ್ಲಿ ಬಾನ್ಸುರಿ ಇದ್ದಿದ್ದರೆ, ಮನಸ್ಸಿಲ್ಲದಿದ್ದರೂ ಒಪ್ಪಿಕೊಳ್ಳುತ್ತೇನೆ, ಅದು ಆರತಕ್ಷತೆಯ ಕೊಳಲೇ ಆಗುತ್ತಿತ್ತು.

ಸೂಜಿಮುಳ್ಳು

ಸರ್, ‘ಮೂರೂ ಒಂದೇ ಮನೆತನ’ ಎಂಬ ಮಾತು ಓದಿ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಒಂದೆರಡು ಕಡೆ ಇದು ಉಸಿರೋ ರೆಕಾರ್ಡಿನ ಸದ್ದೋ ಎಂದು ಬೇರ್ಪಡಿಸಲು ನನಗೆ ಆಗಲಿಲ್ಲ. ಇದನ್ನು ಮೊದಲು ಗಮನಿಸಿರಲಿಲ್ಲ.

ಯೊಕೊಹಾಮಾ ಕನ್ನಡಿಗ

ಇಲ್ಲಿ ಜಪಾನಿನಲ್ಲಿ ಹನ್ನೊಂದು ವರ್ಷಗಳಿಂದ ಇರುವವನಾಗಿ ರಾತ್ರಿಪಾಳಿಯವರ ಆಕ್ಷೇಪದ ಒಂದು ಭಾಗವನ್ನು ತಿದ್ದಬೇಕೆನಿಸುತ್ತದೆ. ‘ಹೊರಗಿನವರಿಗಾಗಿ ತೋರಿಸುವ ಜಪಾನಿತನ’ ಎನ್ನುವಾಗ, ಜಪಾನೀಯನಿಗೆ ಶಕುಹಾಚಿ ಮನೆಯದು, ಹಿಪ್ ಹಾಪ್ ಹೊರಗಿನದು ಎಂಬ ಎಣಿಕೆ ಹಿಂದೆ ಇರುತ್ತದೆ. ಡಿಜೆ ಕ್ರಷ್ ಅವರ ಬದುಕಿನಲ್ಲಿ ಇದು ತಲೆಕೆಳಗಾಗಿದೆ. 1962ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಹಿದೆಆಕಿ ಇಶಿ ಶಾಲೆ ಬಿಟ್ಟು, ಪುಂಡರ ಗುಂಪು ಸೇರಿ, ಯಾಕುಜಾ ಎಂಬ ಭೂಗತ ಗುಂಪಿನವರೆಗೂ ಹೋಗಿ ಬಂದವರು. 1983ರಲ್ಲಿ ಅಮೆರಿಕದ ಹಿಪ್ ಹಾಪ್ ಚಿತ್ರ ‘ವೈಲ್ಡ್ ಸ್ಟೈಲ್’ ಟೋಕಿಯೊಗೆ ಬಂದಾಗ ಅದನ್ನು ನೋಡಿ ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ ಕೊಂಡರು, ಯೊಯೊಗಿ ಉದ್ಯಾನದ ಬಳಿ ಭಾನುವಾರಗಳಂದು ವಾಹನ ಬಿಡದ ಬೀದಿಯಲ್ಲಿ ನುಡಿಸಿದರು, 1987ರಲ್ಲಿ ಕ್ರಷ್ ಪಾಸಿ ಎಂಬ ತಂಡ ಕಟ್ಟಿದರು. ಅವರ ಮಾತೃಭಾಷೆ ಟರ್ನ್‌ಟೇಬಲ್ಲು. ಶಕುಹಾಚಿಯನ್ನು ಅವರು ನಡುವಯಸ್ಸಿನಲ್ಲಿ ಎದುರಾದ ಹೊಸ ಸದ್ದಿನಂತೆಯೇ ಹತ್ತಿರ ಕರೆದುಕೊಂಡಿದ್ದಾರೆ ಎಂಬುದು ನನ್ನ ಊಹೆ. ನನ್ನ ಆಫೀಸಿನ ಜಪಾನಿ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಶಕುಹಾಚಿಯನ್ನು ಕೇಳಿರುವುದು ಹೊಸವರ್ಷದ ದಿನ ಅಂಗಡಿಗಳಲ್ಲಿ, ಕೊತೊ ಎಂಬ ತಂತಿವಾದ್ಯದ ಜೊತೆ ಹಾಕುವ ಧ್ವನಿಮುದ್ರಣದಲ್ಲಿ ಮಾತ್ರ.

ಹಿಪ್ ಹಾಪ್ ಪೂರ್ತಿ ಹೊರಗಿನದು ಎನ್ನುವುದೂ ಅಷ್ಟು ಸರಿಯಲ್ಲ. ಅದನ್ನು ಹುಟ್ಟಿಸಿದವರು ನ್ಯೂಯಾರ್ಕಿನ ಬ್ರಾಂಕ್ಸಿನ ಹುಡುಗರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಜೆಗಳ ಕೈಯಲ್ಲಿ ನಿಂತು ಬಾಳಿದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ 1972ರಲ್ಲಿ ಮತ್ಸುಶಿತಾ ಕಂಪನಿ ತಂದದ್ದು. ಬೆಲ್ಟ್ ಇಲ್ಲದೆ ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುವುದರಿಂದ, ಕೈಯಿಂದ ಹಿಂದಕ್ಕೆ ಎಳೆದು ಬಿಟ್ಟರೂ ರೆಕಾರ್ಡು ಕ್ಷಣದಲ್ಲಿ ತನ್ನ ವೇಗಕ್ಕೆ ಮರಳುತ್ತದೆ. ರೋಲ್ಯಾಂಡ್ ಕಂಪನಿಯ 808 ಡ್ರಮ್ ಯಂತ್ರ 1980ರದ್ದು. ಹಳೆಯ ಧ್ವನಿಮುದ್ರಣದ ತುಣುಕು, ಅಂದರೆ ಸ್ಯಾಂಪಲ್, ಕತ್ತರಿಸಿ ಬೆರಳಿನಿಂದ ಬಡಿದು ಬೀಟು ಕಟ್ಟುವ ಎಂಪಿಸಿ 60 ಯಂತ್ರವನ್ನು ವಿನ್ಯಾಸ ಮಾಡಿದವರು ಅಮೆರಿಕದ ರೋಜರ್ ಲಿನ್, 1988ರಲ್ಲಿ ತಯಾರಿಸಿ ಮಾರಿದ್ದು ಜಪಾನಿನ ಅಕಾಯ್. ವಾದ್ಯ ಇಲ್ಲಿಂದ ಹೋಯಿತು, ವಾದನ ಅಲ್ಲಿಂದ ಬಂತು.

ಹೆಸರಿನ ಬಗ್ಗೆಯೂ ಒಂದು ಮಾತು. ‘ಜಾಕು’ ಎಂದು ಓದುವ ಅಕ್ಷರವನ್ನೇ ‘ಸಾಬಿ’ ಎಂದೂ ಓದುತ್ತಾರೆ, ಹಳತಾದದ್ದರಲ್ಲಿ, ಅಪೂರ್ಣವಾದದ್ದರಲ್ಲಿ ಚೆಲುವು ಕಾಣುವ ‘ವಾಬಿ-ಸಾಬಿ’ಯ ಸಾಬಿ. ಸದ್ದು ಅಡಗಿದ ಮೇಲೆ ಉಳಿಯುವ ಶಾಂತಿ, ಸ್ವಲ್ಪ ಒಂಟಿತನ, ಎರಡೂ ಅದರಲ್ಲಿವೆ. ಕನ್ನಡದಲ್ಲಿ ‘ನೀರವ’ ಎಂದರೆ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಒಂಟಿತನ ಇಲ್ಲ. ಇದೇ ಕಲಾವಿದರ 2001ರ ಆಲ್ಬಮಿನ ಹೆಸರು ‘ಝೆನ್’. ನಮ್ಮ ‘ಧ್ಯಾನ’ ಚೀನಾದಲ್ಲಿ ‘ಚಾನ್’ ಆಗಿ, ಇಲ್ಲಿಗೆ ಬಂದು ‘ಝೆನ್’ ಆದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಹೊರಗಿನವರು ಅದನ್ನು ಧ್ಯಾನದ ಆಲ್ಬಮ್ಮೆಂದೇ ಓದಿಕೊಳ್ಳುತ್ತಾರೆ. ಆದರೆ ಮುಖಪುಟದ ಅಕ್ಷರ ಬೇರೆ, ಅದರ ಅರ್ಥ ‘ಮೆಲ್ಲಮೆಲ್ಲನೆ’. ತನ್ನನ್ನು ಪ್ರವಾಸಿ ಕಣ್ಣಿನಿಂದ ನೋಡುವವರ ಜೊತೆ ಈ ಮನುಷ್ಯ ಕಣ್ಣಾಮುಚ್ಚಾಲೆ ಆಡುತ್ತಾನೆ ಎಂದು ನನಗನ್ನಿಸುವುದು ಇದಕ್ಕೇ.

ಮೃದಂಗದ ಎಡಗೈ

ಕೊಳಲಿನ ಚರ್ಚೆಯಲ್ಲಿ ಆಲ್ಬಮಿನ ಅತ್ಯುತ್ತಮ ಟ್ರ್ಯಾಕು ಮರೆತೇಹೋಗಿದೆ. ಶಿನಿಚಿ ಕಿನೊಶಿತಾ ಅವರ ತ್ಸುಗಾರು ಶಾಮಿಸೆನ್ ಇರುವ ‘ಬಿಯಾಂಡ್ ರೇಜಿಂಗ್ ವೇವ್ಸ್’ ಅದು. ತ್ಸುಗಾರು ಎಂದರೆ ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯಲ್ಲಿರುವ, ಹಿಮ ಸುರಿಯುವ ಆಓಮೊರಿ ಪ್ರಾಂತ್ಯದ ಒಂದು ಸೀಮೆ. ಮನೆಮನೆಯ ಬಾಗಿಲಿಗೆ ಹೋಗಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಅಂಧ ವಾದಕರಿಂದ ಬೆಳೆದ ಶೈಲಿ. ಬಾಗಿಲು ತೆರೆಯಬೇಕಾದರೆ ಜೋರಾಗಿ ನುಡಿಸಬೇಕಿತ್ತಲ್ಲ! ದಪ್ಪ ಕಾಂಡದ ಮೂರು ತಂತಿಯ ವಾದ್ಯ, ಮೈಗೆ ಚರ್ಮ ಬಿಗಿದಿರುತ್ತದೆ. ಕೈಯಲ್ಲಿರುವ ‘ಬಾಚಿ’ ಎಂಬ ಅಗಲವಾದ ಮೀಟುಗೋಲು ತಂತಿಯನ್ನು ಮೀಟಿದ ಉಸಿರಿನಲ್ಲೇ ಚರ್ಮಕ್ಕೂ ಬಡಿಯುತ್ತದೆ. ಸ್ವರವೂ ಘಾತವೂ ಒಂದೇ ಏಟಿನಲ್ಲಿ ಹುಟ್ಟುವುದರಿಂದ ಅದು ಅರ್ಧ ವೀಣೆ, ಅರ್ಧ ಮೃದಂಗ. ಡ್ರಮ್ಮಿನ ಪಕ್ಕ ನಿಲ್ಲಲು ಅದಕ್ಕೆ ಯಾರ ಶಿಫಾರಸೂ ಬೇಕಿಲ್ಲ.

ಇನ್ನೊಂದು ಸೊಗಸು ಇದೆ. ಶಾಮಿಸೆನ್ನಿನ ಕೆಳಸ್ವರದ ತಂತಿ ಕಾಂಡಕ್ಕೆ ಸೂಕ್ಷ್ಮವಾಗಿ ತಾಗುತ್ತ ಝೇಂಕರಿಸುವಂತೆ ಮಾಡಿರುತ್ತಾರೆ. ಅದಕ್ಕೆ ‘ಸವಾರಿ’ ಎನ್ನುತ್ತಾರೆ. ತಂಬೂರಿಯ ಕುದುರೆಯ ಮೇಲೆ ದಾರವಿಟ್ಟು ನಾವು ಬರಿಸುವ ಜೀವಾಳಿಯ ನಾದಕ್ಕೆ ಇದು ಹತ್ತಿರದ ನೆಂಟ.

ಆದರೆ ನನಗೊಂದು ದೂರು ಉಳಿದಿದೆ. ತನಿ ಆವರ್ತನದಲ್ಲಿ ಮೃದಂಗದವನು ಒಂದು ನಡೆ ಹಿಡಿದರೆ ಘಟದವನು ಅದನ್ನು ಕೇಳಿ ತಿರುಗಿ ಕೊಡುತ್ತಾನೆ. ಇಲ್ಲಿ ಕಿನೊಶಿತಾ ಅಷ್ಟು ಬೆವರು ಸುರಿಸಿ ನುಡಿಸುತ್ತಿದ್ದರೂ ಯಂತ್ರದ ಬೀಟು ಅವರ ಕಡೆ ತಿರುಗಿಯೂ ನೋಡುವುದಿಲ್ಲ. ಸುತ್ತಿ ಸುತ್ತಿ ಮರಳುವ ಆ ತುಣುಕಿಗೆ, ಅಂದರೆ ಲೂಪಿಗೆ, ಕಿವಿ ಇಲ್ಲ. ನಾನು ‘ಅಂಟಿಸಿದ್ದು’ ಎನ್ನುವುದಾದರೆ ಅದು ಇಲ್ಲಿ ಮಾತ್ರ, ಅದೂ ಶಾಮಿಸೆನ್ನಿನ ತಪ್ಪಿನಿಂದಲ್ಲ.

ಧಾರವಾಡದ ಬಾನ್ಸುರಿ

ನಮ್ಮ ಕಡೆ ಜೀವಾಳಿಗೆ ‘ಜವಾರಿ’ ಎನ್ನುತ್ತೇವೆ. ಸವಾರಿ, ಜವಾರಿ! ಶಬ್ದಗಳು ಹತ್ತಿರವಿರುವುದು ಬರೀ ಕಾಕತಾಳೀಯವಿರಬಹುದು, ಆದರೆ ನಮ್ಮ ಸಂತೆಯಲ್ಲಿ ‘ಜವಾರಿ’ ಎಂದರೆ ನಾಟಿ, ಅಪ್ಪಟ ಊರಿನದು. ತ್ಸುಗಾರು ಶಾಮಿಸೆನ್ನಿಗೆ ಆ ಅರ್ಥವೂ ಒಪ್ಪುತ್ತದೆ.

ಕಪ್ಪುತಟ್ಟೆ

ನಾನು ಮೂಲತಃ ಜಾಝ್ ಎಲ್‌ಪಿಗಳನ್ನು ಕೂಡಿಟ್ಟುಕೊಂಡಿರುವ ಹಳೆಯ ಕಾಲದ ಮನುಷ್ಯ. ನನ್ನ ಸೊಸೆ ಈ ಆಲ್ಬಮ್ ಹಾಕಿದಾಗ ‘ಸ್ಲಿಟ್ ಆಫ್ ಕ್ಲೌಡ್’ನ ಸ್ಯಾಕ್ಸೊಫೋನ್ ಕೇಳಿ ಓದುತ್ತಿದ್ದ ಪತ್ರಿಕೆ ಕೆಳಗಿಟ್ಟೆ. ಅದು ಅಕಿರಾ ಸಕಾತಾ. ಎಪ್ಪತ್ತರ ದಶಕದಲ್ಲಿ ಯೊಸುಕೆ ಯಮಶಿತಾ ಅವರ ಮೂವರ ತಂಡದಲ್ಲಿ ಯಾವ ಕಟ್ಟುಪಾಡೂ ಇಲ್ಲದೆ ಕೂಗಾಡುವಂತೆ ನುಡಿಸಿದವರು. ಹಿರೊಶಿಮಾ ವಿಶ್ವವಿದ್ಯಾಲಯದಲ್ಲಿ ಸಮುದ್ರ ಜೀವಶಾಸ್ತ್ರ ಓದಿ, ಸಂಗೀತಗಾರರಾದ ಮೇಲೂ ನೀರುಚಿಗಟಗಳನ್ನು ಸಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತವರು. (ಇದು ವಿಷಯಾಂತರವೆಂದು ಗೊತ್ತು, ಆದರೆ ಇಂಥವರ ಬಗ್ಗೆ ಹೇಳದೆ ಇರಲಾಗದು.) ಅಂಥವರನ್ನು ಕರೆದು, ನಿಧಾನದ ಬೀಟಿನ ಮೇಲೆ ಜಾಗ ಬಿಟ್ಟು ನಿಲ್ಲಿಸಿದ್ದೇ ಕ್ರಷ್ ಅವರ ಜಾಣ್ಮೆ.

‘ಬೆರೆತಿದೆಯೋ, ಅಂಟಿದೆಯೋ’ ಎಂಬ ಪ್ರಶ್ನೆ ಜಪಾನಿನಲ್ಲಿ ಹಳೆಯದು. ಸಂಗೀತ ರಚನಕಾರ ತೋರು ತಕೆಮಿತ್ಸು 1967ರ ನವೆಂಬರಿನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಎದುರಿಗೆ ಒಂದು ಶಕುಹಾಚಿ ಮತ್ತು ಒಂದು ಬಿವಾ ಎಂಬ ತಂತಿವಾದ್ಯವನ್ನು ಕೂರಿಸಿ ‘ನವೆಂಬರ್ ಸ್ಟೆಪ್ಸ್’ ನುಡಿಸಿಸಿದರು. ಅದನ್ನು ಕೇಳಿದವರಿಗೆ ಗೊತ್ತು, ಎರಡು ಕಡೆಯವರೂ ಹೆಚ್ಚಿನ ಹೊತ್ತು ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ನುಡಿಸುತ್ತಾರೆ. ಬೆರೆಸುವ ಆತುರವೇ ಇಲ್ಲ. ಎರಡು ಜಗತ್ತುಗಳು ಎದುರುಬದುರು ಕುಳಿತು, ತಮ್ಮ ತಮ್ಮ ಜಾಗದಿಂದ ಕದಲದೆ ಒಂದನ್ನೊಂದು ನೋಡುತ್ತವೆ. ಹಾಗಾಗಿ ಬೆರೆಯದಿದ್ದರೆ ಅದು ಸೋಲು ಎಂದು ನಾವೇಕೆ ಮೊದಲೇ ಒಪ್ಪಿಕೊಳ್ಳಬೇಕು?

ಪೂರ್ತಿ ಬೆರೆಯುವ ದಾರಿಯೂ ಇದೆ, ಅದಕ್ಕೆ ಉದಾಹರಣೆ ನಮ್ಮವರೇ. ಕದ್ರಿ ಗೋಪಾಲನಾಥ್ ಅವರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಕೀಲಿಗಳ ಆ ವಾದ್ಯದಲ್ಲಿ ಗಮಕ ಹೊಮ್ಮುವವರೆಗೆ ವರ್ಷಗಟ್ಟಲೆ ಅದನ್ನು ಪಳಗಿಸಿದರು. ಕೊನೆಗೆ ಕೇಳುಗರಿಗೆ ಅದು ವಿದೇಶಿ ವಾದ್ಯವೆಂಬುದೇ ಮರೆತುಹೋಯಿತು. ಆದರೆ ಆ ದಾರಿಯಲ್ಲಿ ಒಂದು ಕಡೆ ಸಂಪೂರ್ಣ ಸೋಲಬೇಕು. ಅಲ್ಲಿ ಸೋತದ್ದು ಸ್ಯಾಕ್ಸೊಫೋನಿನ ಜಾಝ್. ‘ಜಾಕು’ವಿನಲ್ಲಿ ಯಾರೂ ಸೋತಿಲ್ಲ, ಅದಕ್ಕೇ ಕೆಲವರಿಗೆ ಅಂಟಿಸಿದಂತೆ ಕೇಳುತ್ತದೆ.

ಮೃದಂಗದ ಎಡಗೈಯವರೇ, ಲೂಪಿಗೆ ಕಿವಿ ಇಲ್ಲ ಎಂದಿರಿ. ತಂಬೂರಿಗೆ ಕಿವಿ ಇದೆಯೇ? ಅದೂ ಗಾಯಕನ ಕಡೆ ತಿರುಗಿ ನೋಡದೆ ತನ್ನಷ್ಟಕ್ಕೆ ಮಿಡಿಯುತ್ತಿರುತ್ತದೆ.

ಮೃದಂಗದ ಎಡಗೈ

ಒಳ್ಳೆಯ ಏಟು ಕೊಟ್ಟಿರಿ, ಸರ್. ಆದರೂ ಪೂರ್ತಿ ಒಪ್ಪಲಾರೆ. ತಂಬೂರಿ ಶ್ರುತಿ ಹಿಡಿಯುತ್ತದೆ, ತಾಳ ಹಿಡಿಯುವುದಿಲ್ಲ. ಡ್ರಮ್ಮೊಂದು ಕೇಳಿಸಿಕೊಳ್ಳದೆ ಬಡಿಯುತ್ತಿದ್ದರೆ ನನ್ನ ಎಡಗೈ ತಾನಾಗಿಯೇ ಜಗಳಕ್ಕೆ ಹೋಗುತ್ತದೆ. ಇದು ನನ್ನ ಅಭ್ಯಾಸದ ದೋಷವೂ ಇರಬಹುದು. ಲೂಪನ್ನು ತಾಳವೆಂದು ಕೇಳದೆ ಶ್ರುತಿಯೆಂದು ಕೇಳಲು ಈ ವಾರ ಪ್ರಯತ್ನಿಸುತ್ತೇನೆ.

ರಾತ್ರಿಪಾಳಿ

ಇಷ್ಟು ಜನ ಸೇರಿ ನನ್ನನ್ನು ಮೂಲೆಗೆ ತಳ್ಳಿದ್ದೀರಿ. ‘ಝೆನ್’ ಅಕ್ಷರದ ವಿಚಾರ ನನಗೆ ತಿಳಿದಿರಲಿಲ್ಲ. ಪ್ರವಾಸಿ ಕ್ಯಾಲೆಂಡರ್ ಎಂದ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಉಳಿದ ಅರ್ಧಕ್ಕೆ ಕಾರಣ ಹೇಳುತ್ತೇನೆ: ಆ ಎರಡು ರ‍್ಯಾಪ್ ಟ್ರ್ಯಾಕುಗಳು. ಮಿಸ್ಟರ್ ಲಿಫ್ ಮತ್ತು ಈಸಪ್ ರಾಕ್ ಇಬ್ಬರೂ ನನಗೆ ಬೇರೆಡೆ ಬಹಳ ಮೆಚ್ಚು. ಈಸಪ್ ರಾಕ್ ಒಂದೊಂದು ಸಾಲಿಗೂ ಅಷ್ಟೊಂದು ಪದಗಳನ್ನು ತುರುಕುವ ರೀತಿಗೆ ಅಭಿಮಾನಿಯೇ ಆಗಿದ್ದೇನೆ. ಆದರೆ ನೀರವ ಎಂದು ಹೆಸರಿಟ್ಟ ಮನೆಯೊಳಗೆ ಇಬ್ಬರು ವಾಚಾಳಿಗಳನ್ನು ಕರೆತಂದದ್ದೇಕೆ? ರಾತ್ರಿ ಕೆಲಸದ ನಡುವೆ ಕೇಳುತ್ತಿರುವಾಗ ಆ ಎರಡು ಕಡೆ ನನ್ನ ಗಮನ ಹರಿದುಹೋಗುತ್ತದೆ, ಮತ್ತೆ ಹೊಲಿದುಕೊಳ್ಳಲು ಎರಡು ಟ್ರ್ಯಾಕು ಬೇಕಾಗುತ್ತವೆ.

ಯೊಕೊಹಾಮಾ ಕನ್ನಡಿಗ

ಅದರಲ್ಲಿ ನಾನೂ ನಿಮ್ಮ ಪಕ್ಷ. ಆ ಎರಡನ್ನೂ ಬಿಟ್ಟೇ ಕೇಳುತ್ತೇನೆ.

ಕಪ್ಪುತಟ್ಟೆ

ನನ್ನ ಸೊಸೆಯ ಪ್ರಕಾರ ಆ ಎರಡೇ ಈ ಆಲ್ಬಮಿನಲ್ಲಿ ಹಿಪ್ ಹಾಪ್. ನಾನು ವಾದಕ್ಕೆ ಹೋಗಲಿಲ್ಲ.

ಸೂಜಿಮುಳ್ಳು

ನನ್ನ ಒರೆಗಲ್ಲಿಗೆ ಮರಳಿ ಬರುತ್ತೇನೆ. ಕೊಳಲನ್ನು ತೆಗೆದು ಕೇಳುವ ಉಪಾಯ ನನಗೆ ಗೊತ್ತಿಲ್ಲ, ಆದರೆ ನಿನ್ನೆ ಸಂಜೆ ಅದು ತಾನಾಗಿಯೇ ಆಯಿತು. ನಡುಮನೆಯಲ್ಲಿ ಸ್ಪೀಕರಿಗೆ ಹಾಕಿ ನಾನು ಅಡುಗೆಮನೆಗೆ ಬಂದೆ. ಗೋಡೆಯ ಆಚೆಯಿಂದ ಕೇಳುತ್ತಿದ್ದುದು ಕೆಳಸ್ವರದ ದಿಮ್ಮೆನ್ನುವ ಬಡಿತ ಮಾತ್ರ. ಸಾರಿಗೆ ಬೇಳೆ ಇಟ್ಟು, ಹುಣಸೆಹಣ್ಣು ಕಿವುಚುತ್ತ ಎರಡು ಮೂರು ನಿಮಿಷ ಅದನ್ನೇ ಕೇಳಿದೆ. ಬಡಿತ ತನ್ನ ಕಾಲ ಮೇಲೆ ನಿಂತಿತ್ತು, ಕುಸಿದಿರಲಿಲ್ಲ. ಆದರೆ ಏತಕ್ಕೆ ಬಡಿಯುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಎರಡು ಬಡಿತಗಳ ನಡುವೆ ಬಿಟ್ಟ ಜಾಗ ಬರಿದಾಗಿ, ಯಾರಿಗೋ ಕಾಯುತ್ತಿದ್ದಂತೆ ಇತ್ತು. ಅಂದರೆ ನನ್ನ ಒರೆಗಲ್ಲೇ ಸರಿಯಿರಲಿಲ್ಲ. ಕೊಳಲು ಬರುವ ಮೊದಲೇ ಕೊಳಲಿನ ಅಳತೆಗೆ ಜಾಗ ಬಿಟ್ಟು ಬೀಟು ಕಟ್ಟಿದಂತಿದೆ.

ಆಮೇಲೆ ಬಾನ್ಸುರಿಯವರು ಹೇಳಿದ ಮುರಾಇಕಿಯ ಗಾಳಿಯಂಥದ್ದೇ ಒಂದು ಸದ್ದು ಜೋರಾಗಿ ಬಂತು. ಗೋಡೆ ದಾಟಿ ಶಕುಹಾಚಿಯೂ ಬಂತಲ್ಲ ಎಂದು ಹಿಗ್ಗಿ ತಿರುಗಿದರೆ, ಕುಕ್ಕರು ವಿಷಲ್ ಹಾಕುವ ಮುಂಚೆ ಹಬೆ ಬಿಡುತ್ತಿತ್ತು.

ಧಾರವಾಡದ ಬಾನ್ಸುರಿ

ಮೇಡಂ, ಮೂರು ವರ್ಷ ತಲೆ ಅಲ್ಲಾಡಿಸಿದರೆ ನಿಮ್ಮ ಕುಕ್ಕರಿಗೂ ಶಕುಹಾಚಿ ಬಂದೀತು.

ರಾತ್ರಿಪಾಳಿ

ಇವತ್ತು ರಾತ್ರಿ ರ‍್ಯಾಪ್ ಎರಡನ್ನೂ ಬಿಟ್ಟು, ಉಳಿದದ್ದನ್ನು ಅನುಕ್ರಮವಾಗಿ ಇನ್ನೊಮ್ಮೆ ಕೇಳುತ್ತೇನೆ. ಅದಾದ ಮೇಲೆ 1998ರ ‘ಕಾಕುಸೆಯ್’ ಬಗ್ಗೆ ಬೇರೆ ಚರ್ಚೆ ತೆರೆಯುವೆ. ಅದರಲ್ಲಿ ಅತಿಥಿಗಳ ಕಾಟ ಕಡಿಮೆ.